ಸೇಬಿನ ಕೋಣೆಯಲ್ಲಿ ಆರಿಸಿಕೊಂಡ ಪ್ಯಾಂಟು

ಒಸಾನಾಯ್ ತೋಕುಜಿಯ ಕಾಲು ನಡುಗುತ್ತದೆ ಎಂಬ ಸಂಗತಿ ಊರಿಗಿಂತ ಮೊದಲು ಕರಡಿಗೆ ಗೊತ್ತಾಯಿತು.

ಅದು ಏಪ್ರಿಲ್ ತಿಂಗಳು. ಕೆಳಗೆ ಸೇಬಿನ ತೋಟಗಳಲ್ಲಿ ನೆಲ ಕಾಣಿಸಿದ್ದರೂ ಬೆಟ್ಟದಲ್ಲಿ ಇನ್ನೂ ಸೊಂಟಮಟ್ಟ ಹಿಮವಿತ್ತು. ನಾವು ಒಂಬತ್ತು ಜನ ಬೆಳಕು ಹರಿಯುವ ಮೊದಲೇ ಹೊರಟು, ಕಣಿವೆ ಸುತ್ತುವರಿದು, ಚಳಿಗಾಲದ ನಿದ್ದೆ ಮುಗಿಸಿ ಹೊರಬಿದ್ದ ಕರಡಿಯನ್ನು ಕೆಳಗಿನಿಂದ ಎಬ್ಬಿಸಿ, ಗಂಟಲು ಹರಿಯುವಂತೆ ಕೂಗುತ್ತಾ ಬೆಟ್ಟದ ಬೆನ್ನಿನತ್ತ ಓಡಿಸಿದ್ದೆವು. ಅಲ್ಲಿ ಮೊದಲನೆಯ ಕಾವಲಿನಲ್ಲಿ ಬಂದೂಕು ಹಿಡಿದು ಕೂತವನು ತೋಕುಜಿ. ಅವನ ಮೊಣಕಾಲು ನಡುಗಿತು, ಮೊಣಕಾಲಿನ ಮೇಲಿದ್ದ ಬಂದೂಕು ನಡುಗಿತು, ಬಂದೂಕಿನ ನಳಿಗೆ ಪಕ್ಕದ ಬುನಾ ಮರದ ತೊಗಟೆಗೆ ಟಕಟಕ ಬಡಿಯಿತು. ಕರಡಿ ನಿಂತು ಕಿವಿಗೊಟ್ಟಿತು. ಯಾವ ಮರಕುಟಿಗವೂ ಇಷ್ಟು ಕೆಟ್ಟದಾಗಿ ಕುಟ್ಟುವುದಿಲ್ಲ ಎಂಬುದು ಅದಕ್ಕೂ ಗೊತ್ತು. ತಿರುಗಿ ಹಳ್ಳ ಹಾರಿ ಹೋಯಿತು.

ನಮ್ಮಲ್ಲಿ ಬೇಟೆಯ ಹಿರಿಯನನ್ನು ಶಿಕಾರಿ ಎನ್ನುತ್ತೇವೆ. ಆಗಲೂ ಈಗಲೂ ಫುಕುಶಿ ಅಜ್ಜನೇ ಶಿಕಾರಿ. ಎಪ್ಪತ್ತೊಂಬತ್ತು ದಾಟಿದರೂ ಬೆಟ್ಟ ಹತ್ತುವಾಗ ಏದುಸಿರು ಬಿಡದ ಮನುಷ್ಯ. ಅಂದು ಅವನು ಬೈಯಲಿಲ್ಲ. ಬೈದಿದ್ದರೆ ತೋಕುಜಿ ಬದುಕಿಕೊಳ್ಳುತ್ತಿದ್ದ. ಅಜ್ಜ ಹಿಮದ ಮೇಲೆ ಕೂತು ಬೀಡಿಯಷ್ಟು ಸಣ್ಣ ಸಿಗರೇಟನ್ನು ಪೂರ್ತಿ ಸೇದಿ ಮುಗಿಸಿ ಇಷ್ಟೇ ಹೇಳಿದ: "ಮುಂದಿನ ವಸಂತಕ್ಕೆ ಇನ್ನೊಂದ್ಸಲ ಕೂರು ತೋಕು. ಆಗ್ಲೂ ನಡುಗಿದ್ರೆ ಆ ಜಾಗ ಗೆಂಗೊಂದು."

ಗೆಂಗೊ ಎಂದರೆ ನಾನು.

ಮೊದಲನೆಯ ಕಾವಲು ತೋಕುಜಿಯ ಅಪ್ಪನದು. ಅದಕ್ಕೂ ಮೊದಲು ಅವನ ತಾತನದು. ಓಡಿಸಿದ ಕರಡಿಗಳಲ್ಲಿ ಹತ್ತಕ್ಕೆ ಏಳು ಬರುವುದು ಆ ದಾರಿಯಲ್ಲೇ. ನಾನು ಇಪ್ಪತ್ತಾರು ವರ್ಷ ಕರಡಿ ಎಬ್ಬಿಸುವವರ ಜೊತೆ ಕೆಳಗೆ ಕೂಗಿದವನು. ಮಂಡಿ ಕೈಕೊಟ್ಟ ಮೇಲೆ ನನ್ನನ್ನು ಎದುರು ಗುಡ್ಡದ ಮೇಲೆ ನಿಲ್ಲಿಸಿದರು. ದುರ್ಬೀನು ಹಿಡಿದು, ಕರಡಿ ಯಾವ ಕಡೆ ತಿರುಗಿತು ಎಂದು ವಾಕಿಟಾಕಿಯಲ್ಲಿ ಎಲ್ಲರಿಗೂ ಹೇಳುವುದು ಅಲ್ಲಿ ನಿಂತವನ ಕೆಲಸ. ಕಾವಲಿನಲ್ಲಿ ಕೂರುವ ಭಾಗ್ಯ ನನಗೆ ಒಂದು ದಿನವೂ ಬಂದಿರಲಿಲ್ಲ. ಬಂದಿದ್ದರೆ ನನ್ನ ಕಾಲು ನಡುಗುತ್ತಿರಲಿಲ್ಲ. ಇದನ್ನು ಬಚ್ಚಿಟ್ಟು ಉಳಿದ ಕತೆ ಹೇಳುವುದು ಸರಿಯಲ್ಲ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಈಗ ತೋಕುಜಿ ಎಂಥವನು ಎಂದು ಕೇಳಿ. ಮೂವತ್ತೊಂದು ವರ್ಷ ಊರಿನ ಹಿಮ ತಳ್ಳುವ ಗಾಡಿ ಓಡಿಸಿದವನು. ಹೊರಗೆ ಇಡೀ ಊರು ಸಲಿಕೆ ಹಿಡಿದು ಬಾಗಿಲು ಹುಡುಕುತ್ತಿದ್ದರೆ ಇವನು ಗಾಜಿನ ಗೂಡಿನೊಳಗೆ ಬಿಸಿ ಸೀಟಿನ ಮೇಲೆ ಕೂತು ಹಿಮದ ಜೊತೆ ಹೋರಾಡುತ್ತಿದ್ದ. ಕುಂಡೆ ಬೇಯಿಸಿಕೊಂಡೇ ಪಿಂಚಣಿಯ ವಯಸ್ಸಿಗೆ ಬಂದ ಆ ಮನುಷ್ಯನ ಎದುರು ಚಳಿ ಎಂದರೆ ಸಾಕು, ಅದರ ಬಗ್ಗೆ ಉಪದೇಶ ಶುರು. ಜುಲೈ ತಿಂಗಳಲ್ಲೂ ಹೊಟ್ಟೆಗೆ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಾನೆ.

ಇದರ ಮೇಲೆ ಆರಿಸುವ ರೋಗ ಬೇರೆ. ಅನ್ನ ಬೇಯಿಸುವ ಮಡಕೆ ಒಡೆದುಹೋದಾಗ ಹೊಸದನ್ನು ಆರಿಸಲು ಒಂದು ಇಡೀ ಚಳಿಗಾಲ ತೆಗೆದುಕೊಂಡ. ಅಷ್ಟು ದಿನವೂ ಅವನ ಹೆಂಡತಿ ಯಾಯೆ ನಮ್ಮ ಮನೆಯಿಂದ ಮಡಕೆ ಕಡ ತಂದು ಅನ್ನ ಮಾಡಿದಳು. ಮದುವೆಯಲ್ಲಿ ಮಾತ್ರ ಅವನಿಗೆ ಆರಿಸುವ ಅವಕಾಶ ಸಿಗಲಿಲ್ಲ, ಆರಿಸಿದವಳು ಯಾಯೆ. ಅದಕ್ಕೇ ಮದುವೆಯಾಯಿತು.

ಅಂಥವನ ಕೈಗೆ ಅಜ್ಜ ಇಡೀ ಒಂದು ವರ್ಷ ಕೊಟ್ಟುಬಿಟ್ಟ.

ಶರತ್ಕಾಲ ಬರುವ ಹೊತ್ತಿಗೆ ತೋಕುಜಿ ತನ್ನ ಕಾಯಿಲೆಗೆ ತಾನೇ ಮದ್ದು ಕಂಡುಹಿಡಿದಿದ್ದ. ತಪ್ಪು ಕಾಲಿನದಲ್ಲವಂತೆ, ಪ್ಯಾಂಟಿನದಂತೆ. ಬೆಟ್ಟ ಹತ್ತಲು ಎರಡು ಗಂಟೆ ಬೇಕು, ಆಗ ಮೈ ಬೆವರುತ್ತದೆ. ಆಮೇಲೆ ನಾಲ್ಕು ಗಂಟೆ ಅಲುಗದೆ ಗಾಳಿಯಲ್ಲಿ ಕೂರಬೇಕು, ಆಗ ಆ ಬೆವರೇ ಮಂಜುಗಡ್ಡೆಯಾಗುತ್ತದೆ. ಹತ್ತುವಾಗಲೇ ದಪ್ಪ ಪ್ಯಾಂಟು ಹಾಕಿದರೆ ಇನ್ನಷ್ಟು ಬೆವರು. ಆದ್ದರಿಂದ ಹತ್ತುವಾಗ ಚೀಲದಲ್ಲಿ ಮುದುರಿಕೊಂಡಿರುವಂಥ, ಕೂತ ಮೇಲೆ ತೆಗೆದು ಹಾಕಿಕೊಳ್ಳುವಂಥ, ಹಗುರವಾದ, ಬೆಚ್ಚಗಿನ ಪ್ಯಾಂಟು ಬೇಕು. ಮಾತೇನೋ ತಪ್ಪಲ್ಲ. ಅವನ ಅಪ್ಪ ಹೀಗೇ ಒಂದು ನಾಯಿಚರ್ಮವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ, ಕೂತ ಮೇಲೆ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ. ಆದರೆ ಅಪ್ಪ ಆ ನಾಯಿಚರ್ಮವನ್ನು ಆರು ತಿಂಗಳು ಹುಡುಕಿ ಆರಿಸಲಿಲ್ಲ. ನಾಯಿ ಸತ್ತಿತು, ಚರ್ಮ ಬಂತು, ಅಷ್ಟೆ.

ತೋಕುಜಿ ಪಟ್ಟಣದ ಅಂಗಡಿಗಳನ್ನೆಲ್ಲ ಸುತ್ತಿ, ಪ್ಯಾಂಟುಗಳ ಚಿತ್ರವಿರುವ ಬಣ್ಣದ ಪುಸ್ತಕಗಳನ್ನು ಹೊತ್ತು ತಂದು, ಸಾರ್ವಜನಿಕ ಸ್ನಾನದ ಮನೆಯಲ್ಲಿ ಬಿಸಿನೀರಲ್ಲಿ ಕೂತು ಎಲ್ಲರ ಕಿವಿ ಕೊರೆದ. ಬಾತುಕೋಳಿಯ ಗರಿ ತುಂಬಿದ್ದು ಒಂದು ಜಾತಿ. ಮುದುರಿದರೆ ಅನ್ನದ ಉಂಡೆಯಷ್ಟಾಗುತ್ತದೆ, ಬೆಂಕಿಯಷ್ಟು ಬೆಚ್ಚಗೆ, ಆದರೆ ನೆನೆದರೆ ನೆನೆದ ಕೋಳಿಗಿಂತ ಕಡೆ. ಕೃತಕ ಹತ್ತಿ ತುಂಬಿದ್ದು ಇನ್ನೊಂದು ಜಾತಿ. ಮುದುರಿದರೆ ಒಂದು ಮೂಲಂಗಿಯಷ್ಟು, ಕೊಂಚ ಭಾರ, ಆದರೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಕಂಬಳಿಯಂಥ ಬಟ್ಟೆಯದು ಮೂರನೆಯದು. ಅದು ಮುದುರುವುದೇ ಇಲ್ಲ, ಚೀಲದಲ್ಲಿ ಬೇರೇನೂ ಹಿಡಿಸದು. ಸೊಂಟದಿಂದ ಪಾದದವರೆಗೂ ಪಕ್ಕದಲ್ಲಿ ಜಿಪ್ಪು ಬಿಚ್ಚುವಂತಿರಬೇಕು, ಇಲ್ಲದಿದ್ದರೆ ಬೂಟು ಕಳಚಬೇಕಾಗುತ್ತದೆ. ಕೂತಾಗ ಬೆನ್ನು ಕಾಣದಂತೆ ಸೊಂಟ ಎತ್ತರಕ್ಕಿರಬೇಕು. ನಾವು ಬೆನ್ನು ಉಜ್ಜಿಕೊಳ್ಳುತ್ತಾ ಹೂಂಗುಟ್ಟಿದೆವು.

ಜನವರಿಯಲ್ಲಿ ಮೂರೂ ಜಾತಿಯದನ್ನು ಒಂದೊಂದು ಹಿಡಿದುಕೊಂಡು ನನ್ನ ಬಳಿಗೇ ಬಂದ.

ನಾನು ಸೊಸೈಟಿಯ ಸೇಬಿನ ಶೀತಲ ಕೋಣೆ ನೋಡಿಕೊಳ್ಳುವವನು. ಒಳಗೆ ಹಗಲು ರಾತ್ರಿ ಸೊನ್ನೆ ಡಿಗ್ರಿ. ಚಾವಣಿಗೆ ಆರು ದೊಡ್ಡ ಫ್ಯಾನುಗಳಿದ್ದು ಹಗಲೂ ರಾತ್ರಿ ಭೋರ್ಗರೆಯುತ್ತವೆ. ಏಪ್ರಿಲ್ ತಿಂಗಳಲ್ಲಿ ಬೆಟ್ಟದ ಬೆನ್ನಿನ ಮೇಲೆ ಇರುವುದೂ ಇದೇ ಚಳಿ, ಇದೇ ಗಾಳಿ ಎಂದು ತೋಕುಜಿ ಲೆಕ್ಕ ಹಾಕಿದ್ದ. ಇಲ್ಲಿ ಕೂತು ಪರೀಕ್ಷೆ ಮಾಡುತ್ತಾನಂತೆ.

"ನನ್ನ ಜಾಗ ಹೋದ್ರೆ ಸಿಗೋದು ನಿಂಗೇ ಅಂತ ಗೊತ್ತು ಗೆಂಗೊ," ಎಂದ. "ಆದ್ರೂ ಕೇಳ್ತಾ ಇದೀನಿ. ನಮ್ಮಪ್ಪ ಕೂತ ಜಾಗ ಕಣೋ."

"ಕೂರಪ್ಪ. ಸೇಬಿಗೆ ಹೊಟ್ಟೆಕಿಚ್ಚು ಇರಲ್ಲ."

ಆಮೇಲಿನ ಮೂರು ವಾರ ನಾನು ಕಂಡದ್ದನ್ನು ಶತ್ರುವೂ ಕಾಣಬಾರದು. ಮೊದಲು ದೇವಸ್ಥಾನದ ನೂರೆಂಟು ಮೆಟ್ಟಿಲು ಮೂರು ಸಲ ಹತ್ತಿಳಿದು ಬೆವರು ಬರಿಸಿಕೊಂಡು ಬರುವುದು. ಬಂದು ಗಡಿಯಾರ ನೋಡಿ ಪ್ಯಾಂಟು ಹಾಕಿಕೊಳ್ಳುವುದು. ಫ್ಯಾನಿನ ಕೆಳಗೆ ಸೇಬಿನ ಪೆಟ್ಟಿಗೆ ಬೋರಲು ಹಾಕಿ, ಬಂದೂಕಿನ ಬದಲು ಪೊರಕೆ ಹಿಡಿದು ಕೂರುವುದು. ಅರ್ಧ ಗಂಟೆಗೊಮ್ಮೆ ತೊಡೆ ಮುಟ್ಟಿ ನೋಡಿಕೊಂಡು ಪುಸ್ತಕದಲ್ಲಿ ಬರೆಯುವುದು. 'ಎಡ ತೊಡೆ ಉತ್ತಮ. ಬಲ ತೊಡೆ ಪರವಾಗಿಲ್ಲ.' ನಾನು ಈ ಕಣ್ಣಿಂದ ಓದಿದ್ದೇನೆ. ಸೇಬು ತುಂಬಿಸಲು ಬಂದ ಹೆಂಗಸರು ಇವನನ್ನು ನೋಡಲೆಂದೇ ಒಂದು ಸುತ್ತು ಹೆಚ್ಚು ಬರುತ್ತಿದ್ದರು. ಯಾಯೆ ಬುತ್ತಿ ತಂದಾಗ ನಾನು, ಸೇಬಿನ ಪೆಟ್ಟಿಗೆಗೆ ಹಾಕುವಂತೆ ನಿನ್ನ ಗಂಡನ ಮೇಲೂ ಒಂದು ಚೀಟಿ ಅಂಟಿಸಿ ಮೂಲೆಗಿಡಲೇ ಎಂದು ಕೇಳಿದೆ.

"ಅಂಟಿಸಿ," ಎಂದಳು. "ಮೇ ತಿಂಗಳವರೆಗೂ ಕೆಡದೆ ಇದ್ರೆ ವಾಪಸ್ ಒಯ್ತೀನಿ."

ಕೊನೆಗೆ ಗೆದ್ದದ್ದು ಎರಡನೆಯದು, ಮೂಲಂಗಿ ಗಾತ್ರದ್ದು. ಅದನ್ನು ಹಾಕಿದಾಗ ಅವನು ನಾಲ್ಕು ಗಂಟೆ ಹತ್ತು ನಿಮಿಷ ನಡುಗದೆ ಕೂತ. ಎದ್ದಾಗ ಅವನ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಪೊರಕೆ ಕಿತ್ತುಕೊಂಡು ಎರಡು ಬಿಗಿಯಬೇಕು ಅನ್ನಿಸಿತು.

ಆದರೆ ಅವನಿಗೆ ಗೊತ್ತಿಲ್ಲದ್ದು ಒಂದು ನನಗೆ ಗೊತ್ತಿತ್ತು. ಯಂತ್ರದ ಮೇಲೆ ಕಟ್ಟಿದ ಮಂಜು ಕರಗಲೆಂದು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಫ್ಯಾನುಗಳೆಲ್ಲ ಹದಿನೈದು ನಿಮಿಷ ತಾವಾಗಿಯೇ ನಿಲ್ಲುತ್ತವೆ. ಹನ್ನೆರಡಕ್ಕೆ ಸರಿಯಾಗಿ ತೋಕುಜಿ ಊಟಕ್ಕೆ ಹೊರಗೆ ಹೋಗುತ್ತಾನೆ. ಪಿಂಚಣಿ ಬಂದರೂ ಸರ್ಕಾರಿ ಹೊಟ್ಟೆ. ಒಂದು ದಿನ ಅವನು ಆ ಪ್ಯಾಂಟನ್ನು ಪೆಟ್ಟಿಗೆಯ ಮೇಲೆ ಬಿಟ್ಟು ಹೋಗಿದ್ದ. ಫ್ಯಾನು ನಿಂತಿತ್ತು. ಪಕ್ಕಕ್ಕಿಡಲೆಂದು ನಾನು ಎತ್ತಿಕೊಂಡೆ.

ಚರ್ರ್ ಎಂದಿತು. ಮಡಿಸಿದೆ, ಚರಪರ ಎಂದಿತು. ಚಳಿಗೆ ಸೆಟೆದ ಅದರ ಹೊರಬಟ್ಟೆ ಒಣಗಿದ ಎಲೆಯ ಮೇಲೆ ನಡೆದಂತೆ ಸದ್ದು ಮಾಡಿತು. ಫ್ಯಾನಿನ ಗದ್ದಲದಲ್ಲಿ ಮೂರು ವಾರ ಅದು ಅವನಿಗೆ ಕೇಳಿಸಿರಲಿಲ್ಲ. ತೊಡೆ ಮುಟ್ಟಿ ನೋಡಿದ, ಬೆನ್ನು ಮುಟ್ಟಿ ನೋಡಿದ, ಕಿವಿ ಒಂದನ್ನು ಬಿಟ್ಟು ಎಲ್ಲದರಿಂದಲೂ ಪರೀಕ್ಷೆ ಮಾಡಿದ ಮಹಾಶಯ. ಬೆಟ್ಟದ ಮೇಲೆ ಹಿಮದಲ್ಲಿ ನಮ್ಮ ಉಸಿರೇ ನಮಗೆ ಕೇಳುತ್ತದೆ. ಕರಡಿಯ ಕಿವಿಗೆ ಈ ಪ್ಯಾಂಟು ಊಟಕ್ಕೆ ಕರೆಯುವ ಗಂಟೆಯಲ್ಲ, ಓಡು ಎನ್ನುವ ಗಂಟೆ.

ನಾನು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವನು ಚಳಿಯ ಬಗ್ಗೆ ಕೇಳಿದ, ಸದ್ದಿನ ಬಗ್ಗೆ ಕೇಳಲಿಲ್ಲ.

ಏಪ್ರಿಲ್ ಬಂತು. ಅದೇ ಕಣಿವೆ. ಎಬ್ಬಿಸುವವರು ಐದು ಜನ ಕೆಳಗೆ, ಅಜ್ಜನೂ ಅವರ ಜೊತೆ. ಕಾವಲಿಗೆ ಮೂವರು ಮೇಲೆ. ನಾನು ಎದುರು ಗುಡ್ಡದ ಮೇಲೆ, ಮೊದಲನೆಯ ಕಾವಲು ಅಂಗೈಯಲ್ಲಿರುವಂತೆ ಕಾಣುವ ಜಾಗದಲ್ಲಿ. ನಡುವಿನ ಗುಡ್ಡ ಅಡ್ಡ ಬಂದು ಉಳಿದ ಯಾರಿಗೂ ತೋಕುಜಿ ಕಾಣುವುದಿಲ್ಲ. ಗಾಳಿ ಸೂಜಿಯಂತೆ ಚುಚ್ಚುತ್ತಿತ್ತು.

ದುರ್ಬೀನಿನಲ್ಲಿ ನೋಡಿದೆ. ತೋಕುಜಿ ಬುನಾ ಮರದ ಬುಡ ತಲುಪಿ, ಬಂದೂಕು ಒರಗಿಸಿ, ಚೀಲದಿಂದ ತನ್ನ ಮೂಲಂಗಿ ತೆಗೆದ. ಬಿಡಿಸಿದ. ಒಂದು ಕಾಲಿಗೆ ಸುತ್ತಿ ಜಿಪ್ಪು ಎಳೆದ. ಅಲ್ಲಿಗೆ ನಿಂತ. ಮೆಲ್ಲಗೆ ಮೊಣಕಾಲು ಮಡಿಸಿದ. ಮತ್ತೆ ಚಾಚಿದ. ತಲೆಯ ಮೇಲಿನ ಕೊಂಬೆಯಿಂದ ಎರಡು ಹಕ್ಕಿ ಹಾರಿಹೋದವು. ತೋಕುಜಿ ಆ ಕಾಲನ್ನು ಯಾರೋ ಬೇರೆಯವರದ್ದು ಎಂಬಂತೆ ನೋಡಿದ. ನನಗೆ ನಗು ತಡೆಯಲಾಗಲಿಲ್ಲ. ಜಾಗ ನನ್ನದಾಯಿತು ಎಂದುಕೊಂಡೆ. ಹಾಕಿದರೆ ಸದ್ದು, ಹಾಕದಿದ್ದರೆ ನಡುಕ.

ಅವನಿಗೆ ಆಗ ಮೂರನೆಯ ದಾರಿ ಹೊಳೆಯಿತು. ಹತ್ತುವಾಗ ತೊಟ್ಟಿದ್ದ ಉಣ್ಣೆಯ ಪ್ಯಾಂಟಿನ ಒಳಗೆ ಇದನ್ನು ಹಾಕಿಕೊಂಡರೆ ಉಣ್ಣೆ ಸದ್ದನ್ನು ನುಂಗುತ್ತದೆ! ಯಾವ ಕೆಲಸಕ್ಕೂ ತಿಂಗಳುಗಟ್ಟಲೆ ಯೋಚಿಸುವವನು ಇದನ್ನು ಮಾತ್ರ ಒಂದೇ ನಿಮಿಷದಲ್ಲಿ ನಿರ್ಧರಿಸಿದ. ಸುತ್ತಿದ್ದನ್ನು ಬಿಚ್ಚಿ ಬೂಟು ಕಳಚಿದ. ಉಣ್ಣೆಯ ಪ್ಯಾಂಟು ಕಳಚಿದ. ಒದ್ದೆ ಒಳಬಟ್ಟೆ ಶಾಖವನ್ನು ಕುಡಿಯುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದನಲ್ಲ, ಬೆವರಿದ ಒಳ ಪೈಜಾಮವನ್ನೂ ಕಾಲುಚೀಲವನ್ನೂ ಕಳಚಿದ. ಮೇಲೆ ದಪ್ಪ ಕೋಟು, ತಲೆಗೆ ಟೋಪಿ, ಕೆಳಗೆ ಕರವಸ್ತ್ರದಷ್ಟು ಅಗಲದ ಲಂಗೋಟಿ. ಅದರಿಂದಾಚೆಗೆ ಸಿಪ್ಪೆ ಸುಲಿದ ಬಿದಿರಿನಂಥ ಎರಡು ಬಿಳಿ ಕಾಲು, ಹಿಮದ ಮೇಲೆ.

ಆಗಲೇ ಕೆಳಗೆ ಅಜ್ಜನ ಕೂಗು ಎದ್ದಿತು. ಹಿಂದೆಯೇ ಉಳಿದವರ ಕೂಗು. ಕರಡಿ ಆ ವರ್ಷ ಕಣಿವೆಯ ಬಾಯಲ್ಲೇ ಮಲಗಿತ್ತು, ಲೆಕ್ಕಕ್ಕಿಂತ ಒಂದು ಗಂಟೆ ಮೊದಲೇ ಎದ್ದುಬಿಟ್ಟಿತು. ಕಪ್ಪಗೆ ಉರುಳುತ್ತಾ ಹಳ್ಳದ ಎಡಕ್ಕೆ ಹಿಡಿದು ಹತ್ತತೊಡಗಿತು. ನೇರ ಮೊದಲನೆಯ ಕಾವಲಿಗೆ.

ವಾಕಿಟಾಕಿ ಬಾಯಿಗೆ ಹಿಡಿದೆ. ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಹೇಳಿದೆ: "ತೋಕು, ಬರ್ತಾ ಇದೆ. ಎಡಗಡೆ ಹಳ್ಳ. ಅಲುಗಬೇಡ."

ಅವನು ಬಂದೂಕು ಎತ್ತಿಕೊಂಡ. ಪ್ಯಾಂಟಿನ ಕಡೆ ನೋಡಲಿಲ್ಲ.

ಕರಡಿ ಅವನಿಗೆ ಐವತ್ತು ಹೆಜ್ಜೆ ಕೆಳಗೆ ಪೊದೆಯ ಹಿಂದೆ ಬಂದು ಕೂತುಬಿಟ್ಟಿತು. ಮೂಗೆತ್ತಿ ಗಾಳಿ ಮೂಸಿತು. ಎಬ್ಬಿಸುವವರ ಕೂಗು ದೂರವಿತ್ತು, ಅದಕ್ಕೆ ಅವಸರವಿರಲಿಲ್ಲ. ಇಪ್ಪತ್ತೆರಡು ನಿಮಿಷ ಅದು ಹಾಗೇ ಕೂತಿತ್ತು, ನಾನು ಗಡಿಯಾರ ನೋಡಿದ್ದೇನೆ. ಆ ಇಪ್ಪತ್ತೆರಡು ನಿಮಿಷವೂ ಬರಿಗಾಲಿನ ಆ ಕೊಕ್ಕರೆ ಹಿಮದ ಮೇಲೆ ನಿಂತಿತ್ತು. ಕೋಟಿನ ಅಂಚು ಗಾಳಿಗೆ ಹಾರುತ್ತಿತ್ತು. ನಾನು ದುರ್ಬೀನನ್ನು ಅವನ ಮೊಣಕಾಲಿನ ಮೇಲೆ ನೆಟ್ಟು, ಈಗ ನಡುಗುತ್ತದೆ, ಈಗ ನಡುಗುತ್ತದೆ ಎಂದು ಕಾದೆ. ನನ್ನ ಕಣ್ಣಲ್ಲಿ ನೀರು ಬಂತು, ಅವನ ಮೊಣಕಾಲು ಮಾತ್ರ ಅಲುಗಲಿಲ್ಲ. ಬಿಳಿಯಿದ್ದದ್ದು ಕೆಂಪಾಯಿತು, ಕೆಂಪಿದ್ದದ್ದು ನೇರಳೆಯಾಯಿತು, ಅಲುಗಲಿಲ್ಲ.

ಯಾಕೆ ಎಂದು ನಾನು ತುಂಬ ಯೋಚಿಸಿದ್ದೇನೆ. ಅದು ಧೈರ್ಯ ಎಂದು ನನ್ನ ಬಾಯಿಂದ ಬರುವುದಿಲ್ಲ. ಆರಿಸಲು ಅವನಿಗೆ ಏನೂ ಉಳಿದಿರಲಿಲ್ಲ, ಅಷ್ಟೆ. ಅವನ ನಡುಕವೆಲ್ಲ ಇದೋ ಅದೋ ಎಂಬ ನಡುಕ.

ಕರಡಿ ಎದ್ದು ಪೊದೆ ದಾಟಿತು. ಒಂದೇ ಗುಂಡು. ಬೆಟ್ಟ ಅದನ್ನು ಎರಡು ಸಲ ಹೇಳಿತು. ಆಮೇಲೆ ಮೇಲಿನಿಂದ ಬೇಟೆ ಬಿದ್ದಾಗ ನಮ್ಮವರು ಕೂಗುವ ಕೂಗು ಕೇಳಿಸಿತು. "ಶೋಬು! ಶೋಬು!" ಒಸಾನಾಯ್ ಮನೆಯವರ ಗಂಟಲು ದೊಡ್ಡದು.

ಕೂಗಿದ್ದೇ ತಡ, ಪ್ಯಾಂಟಿನ ಮೇಲೆ ಬಿದ್ದ. ಉಳಿದವರು ಹಿಮ ತುಳಿದುಕೊಂಡು ಮೇಲೆ ಬರುವ ಹೊತ್ತಿಗೆ, ಉಣ್ಣೆಯದರ ಮೇಲೆ ಅಂಗಡಿಯ ಆ ಉಬ್ಬಿದ ಪ್ಯಾಂಟು ಹಾಕಿ, ಜಿಪ್ಪು ಎಳೆದು, ಚರಪರ ಚರಪರ ಎಂದು ಕರಡಿಯ ಸುತ್ತ ಓಡಾಡುತ್ತಿದ್ದ. ನಾನು ಕುಂಟುತ್ತಾ ಕಣಿವೆ ಇಳಿದು ಹತ್ತಿ ಸೇರುವಷ್ಟರಲ್ಲಿ ಅವನ ಉಪದೇಶ ಅರ್ಧ ಮುಗಿದಿತ್ತು. ಕೃತಕ ಹತ್ತಿಯ ಗುಣ, ಜಿಪ್ಪಿನ ಗುಣ, ಸೇಬಿನ ಕೋಣೆಯ ಪರೀಕ್ಷೆಯ ಗುಣ. ಎಬ್ಬಿಸುವವರಲ್ಲಿ ಇಬ್ಬರು ಆಗಲೇ ಆ ಬಟ್ಟೆಯನ್ನು ಚಿವುಟಿ ನೋಡುತ್ತಿದ್ದರು.

ಫುಕುಶಿ ಅಜ್ಜ ಅವರ ಕಡೆ ತಿರುಗಲೂ ಇಲ್ಲ. ಬುನಾ ಮರದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಹಿಮವನ್ನು ನೋಡುತ್ತಿದ್ದ. ಆಮೇಲೆ ನನ್ನನ್ನು ಕೇಳಿದ, "ಎದುರುಗಡೆ ನಿಂತಿದ್ದವ್ನು ನೀನು. ನಡುಗಿದ್ನಾ?"

ಒಂದು ವರ್ಷದಿಂದ ಇಡೀ ಕತೆ ಈ ಒಂದು ಮಾತಿಗೇ ಕಾದಿತ್ತು. ನಡುಗಿದ ಎಂದಿದ್ದರೆ ಜಾಗ ನನ್ನದು. ನನ್ನ ಕಣ್ಣು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ತೋಕುಜಿಯ ಬಾಯಿ ಅರ್ಧ ತೆರೆದುಕೊಂಡೇ ನಿಂತಿತ್ತು, ನಾಯಿಗೆ ಕಲ್ಲು ತೋರಿಸಿದಾಗ ನಿಲ್ಲುವಂತೆ. ಅವನನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

"ನಡುಗ್ಲಿಲ್ಲ," ಎಂದೆ.

"ಪ್ಯಾಂಟಿಂದಾನಾ?"

"ಅದನ್ನ ಬೆಟ್ಟದ ತಾಯಿನೇ ಕೇಳ್ಬೇಕು ಅಜ್ಜ."

ಅಜ್ಜ ಹಿಮದ ಕಡೆ ಬೆರಳು ಮಾಡಿದ. ಅಲ್ಲಿ ಬರಿಪಾದದ ಗುರುತು ಎರಡು, ಹೆಬ್ಬೆರಳಿಂದ ಕಿರುಬೆರಳವರೆಗೆ ಅಚ್ಚು ಹೊಡೆದಂತೆ, ಕರಗಿ ಆಳಕ್ಕೆ ಇಳಿದಿದ್ದವು. "ಕರಡಿಗೂ ಐದು ಬೆರಳು," ಎಂದ ಅಜ್ಜ. "ಆದ್ರೆ ಇಲ್ಲಿ ನಿಂತಿದ್ದು ಬೇರೆ ಜಾತಿ."

ಬೆಟ್ಟದ ತಾಯಿ ಎಂದರೆ ನಮ್ಮ ಬೇಟೆಯ ದೇವತೆ, ನೋಡಲು ಚೆಲುವೆಯಲ್ಲ. ತನಗಿಂತ ಕುರೂಪವಾದದ್ದನ್ನು ತೋರಿಸಿದರೆ ಅವಳಿಗೆ ಖುಷಿ. ಅದಕ್ಕೆಂದೇ ಶಿಕಾರಿಯಾದವನು ಒಕೊಜೆ ಎಂಬ ಒಣಗಿದ ವಿಕಾರ ಮೀನೊಂದನ್ನು ಕಾಗದದಲ್ಲಿ ಸುತ್ತಿ ಎದೆಯ ಬಳಿ ಇಟ್ಟುಕೊಂಡಿರುತ್ತಾನೆ, ಬೇಟೆ ಬಿದ್ದ ಮೇಲೆ ಚೂರೇ ತೆರೆದು ಅವಳಿಗೆ ತೋರಿಸುತ್ತಾನೆ. ಅಜ್ಜ ಅಂದು ಮೀನಿನ ಪೊಟ್ಟಣ ಹೊರತೆಗೆದ. ತೋಕುಜಿಯ ಕಾಲಿನ ಕಡೆ ಒಮ್ಮೆ ನೋಡಿದ. ಪೊಟ್ಟಣ ಬಿಚ್ಚದೆ ಹಾಗೇ ಒಳಗಿಟ್ಟುಕೊಂಡ.

"ಇವತ್ತು ಇದು ಬೇಡ ಬಿಡಿ. ಇದಕ್ಕಿಂತ ವಿಕಾರವಾದ್ದನ್ನ ತಾಯಿ ಇಪ್ಪತ್ತು ನಿಮಿಷ ನೋಡಿದಾಳೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ತೋಕುಜಿಯೂ ನಕ್ಕ, ಯಾಕೆ ನಗುತ್ತಿದ್ದಾರೆ ಎಂದು ಗೊತ್ತಿದ್ದವನ ಹಾಗೆ. ಜಾಗ ಅವನದಾಗಿಯೇ ಉಳಿಯಿತು.

ಆ ವಾರವಿಡೀ ಸ್ನಾನದ ಮನೆಯಲ್ಲಿ ಮತ್ತೆ ಅದೇ ಪುರಾಣ. ಪ್ಯಾಂಟು ಇಲ್ಲದಿದ್ದರೆ ಕರಡಿ ಇಲ್ಲವಂತೆ. ಗುಂಡು ಹಾರಿದಾಗ ಕಾಲಿನ ಮೇಲೇ ಇಲ್ಲದಿದ್ದ ಪ್ಯಾಂಟು ಹೊಡೆದ ಕರಡಿ ಇಡೀ ನಾಡಿನಲ್ಲಿ ಅದೊಂದೇ ಇರಬೇಕು. ಪಕ್ಕದ ಊರಿನ ಇಬ್ಬರು ಪೆದ್ದರು ಅದೇ ಬಣ್ಣದ್ದು, ಅದೇ ಅಳತೆಯದ್ದು ತರಿಸಿಕೊಂಡರಂತೆ. ನಾನು ಬಿಸಿನೀರಿನಲ್ಲಿ ಮೂಗಿನವರೆಗೂ ಮುಳುಗಿ ಕೂತಿರುತ್ತಿದ್ದೆ. ಬಾಯಿ ನೀರಿನೊಳಗಿದ್ದರೆ ಕ್ಷೇಮ.

ಮೇ ತಿಂಗಳಲ್ಲಿ ಒಂದು ದಿನ ಹನ್ನೆರಡು ಗಂಟೆಗೆ, ಊಟದ ಹೊತ್ತನ್ನೂ ಬಿಟ್ಟು, ಅವನು ಸೇಬಿನ ಕೋಣೆಗೆ ಬಂದ. ಫ್ಯಾನುಗಳು ನಿಂತಿದ್ದವು. ಕಂಕುಳಲ್ಲಿ ಆ ಮೂಲಂಗಿ ಇತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟ. ಅಷ್ಟಕ್ಕೇ ಅದು ಚರ್ರ್ ಎಂದಿತು. ಇಬ್ಬರೂ ಕೇಳಿಸಿಕೊಂಡೆವು. ಅವನು ಮೇಲೆ ಫ್ಯಾನುಗಳ ಕಡೆ ನೋಡಿದ, ಆಮೇಲೆ ನನ್ನನ್ನು ನೋಡಿದ. ತುಂಬ ನಿಧಾನವಾಗಿ ಅರ್ಥ ಮಾಡಿಕೊಳ್ಳುವ ಮುಖ ಅದು, ಆದರೂ ಅರ್ಥವಾಯಿತು.

"ನಿಂಗೆ ಗೊತ್ತಿತ್ತು," ಎಂದ.

"ಹೂಂ."

ಮೂಲಂಗಿಯನ್ನು ನನ್ನ ಕಡೆ ತಳ್ಳಿ, "ಇದು ನಿಂಗಿರ್ಲಿ. ಸೊಂಟ ಸರಿಹೋಗುತ್ತೆ," ಎಂದು ಹೇಳಿ ಊಟಕ್ಕೆ ಹೋದ. ಹೋಗುವಾಗ ಬಾಗಿಲು ಸರಿಯಾಗಿ ಹಾಕಲಿಲ್ಲ. ಹಾಕಿದ್ದು ಯಾವತ್ತು?

ಈಗ ಆ ಪ್ಯಾಂಟನ್ನು ದಿನಾ ನಾನೇ ಹಾಕಿಕೊಳ್ಳುತ್ತೇನೆ, ಇಲ್ಲಿ, ಒಳಗೆ. ಸುಳ್ಳು ಹೇಳಬಾರದು, ಬಹಳ ಬೆಚ್ಚಗಿದೆ. ಫ್ಯಾನು ತಿರುಗುತ್ತಿರುವವರೆಗೂ ಸದ್ದು ಕೇಳುವುದಿಲ್ಲ. ಆ ಮೂರ್ಖ ಮೂರು ವಾರ ಕೂತು ಆರಿಸಿದ್ದು ತಪ್ಪಲ್ಲ. ಸೇಬಿನ ಬೇಟೆಗೆ ಇದಕ್ಕಿಂತ ಒಳ್ಳೆಯ ಪ್ಯಾಂಟು ಸಿಗುವುದಿಲ್ಲ.